ಯಾವ ಪೆಟ್ಟಿಗೆ ತರೋಣ?

ದುಬೈಯಲ್ಲಿದ್ದ ನನ್ನ ಮಾವ ವಿಸಿಆರ್ ಕೊಳ್ಳಲು ಹೋದಾಗ ಚಿತ್ರ ಎಷ್ಟು ಸ್ಪಷ್ಟ, ಬಣ್ಣ ಹೇಗೆ ಎಂದೆಲ್ಲ ಕೇಳಲಿಲ್ಲವಂತೆ. ಕೇಳಿದ್ದು ಒಂದೇ: "ಒಂದು ಕ್ಯಾಸೆಟ್ಟಿನಲ್ಲಿ ಇಡೀ ಸಿನಿಮಾ ಹಿಡಿಸ್ತದಾ?" ಮಾವನಿಗೆ ಗೊತ್ತಿರಲಿಲ್ಲ, ಆದರೆ ಜಗತ್ತಿನ ದೊಡ್ಡದೊಂದು ಜಗಳ ತೀರ್ಮಾನವಾಗಿದ್ದರಲ್ಲಿ ಈ ಪ್ರಶ್ನೆಯದೂ ದೊಡ್ಡ ಪಾಲು. ಸೋನಿಯವರು 1975ರಲ್ಲಿ ತಂದ ಬೀಟಾಮ್ಯಾಕ್ಸ್‌ನ ಮೊದಮೊದಲ ಕ್ಯಾಸೆಟ್ಟಿಗೆ ಒಂದೇ ಗಂಟೆಯ ಆಯಸ್ಸು. ಮರುವರ್ಷ ಬಂದ ಜೆವಿಸಿಯ ವಿಎಚ್‌ಎಸ್ ಎರಡು ಗಂಟೆ ಓಡುತ್ತಿತ್ತು. ಚಿತ್ರ ಬೀಟಾದ್ದೇ ಒಂದು ಕೈ ಮೇಲು ಎಂದು ವಾದಿಸುವವರು ಇವತ್ತಿಗೂ ಇದ್ದಾರೆ. ಇರಲಿ ಪಾಪ. ಮಾವ ತಂದದ್ದು ವಿಎಚ್‌ಎಸ್, ಜೊತೆಗೆ ಇ-180 ಎಂಬ ಮೂರು ಗಂಟೆಯ ಕ್ಯಾಸೆಟ್ಟುಗಳು. ಹಾಡು, ಫೈಟು, ತಾಯಿಯ ಕಣ್ಣೀರು ಎಲ್ಲ ಸೇರಿ ನಮ್ಮ ಸಿನಿಮಾ ಅದರೊಳಗೆ ಕೂತುಬಿಡುತ್ತಿತ್ತು.

ಆ ಕ್ಯಾಸೆಟ್ಟಿನ ಬೆನ್ನಿನ ಮೂಲೆಯಲ್ಲಿ ಉಗುರಗಲದ ಪ್ಲಾಸ್ಟಿಕ್ ಚೂರೊಂದಿತ್ತು. ಅದನ್ನು ಮುರಿದರೆ ಆ ಟೇಪಿನ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ಆ ಸಂದಿಗೆ ಸೆಲ್ಲೋಟೇಪು ಅಂಟಿಸಿದರೆ ಮತ್ತೆ ಆಗುತ್ತದೆ! 1987ರಲ್ಲಿ ಭಾನುವಾರ ಬೆಳಿಗ್ಗೆ ಬರುತ್ತಿದ್ದ ರಾಮಾಯಣವನ್ನು ಅಪ್ಪ ಭಕ್ತಿಯಿಂದ ಹಿಡಿದು, ಚೂರು ಮುರಿದು, ಕಪಾಟಿನಲ್ಲಿಟ್ಟಿದ್ದರು. ಅದೇ ವರ್ಷ ವಿಶ್ವಕಪ್ ಬಂತು, ಅಣ್ಣನ ಕೈಗೆ ಸೆಲ್ಲೋಟೇಪೂ ಬಂತು. ಅಲ್ಲಿಂದ ಮುಂದೆ ನಮ್ಮ ಮನೆಯ ರಾಮಾಯಣದಲ್ಲಿ ಶ್ರೀರಾಮ ವನವಾಸಕ್ಕೆ ಹೊರಟು ಗಂಗೆಯ ದಡಕ್ಕೆ ಬಂದ ಮರುಗಳಿಗೆಗೆ ನಾಗಪುರದಲ್ಲಿ ಗಾವಸ್ಕರ್ ಬ್ಯಾಟು ಬೀಸುತ್ತಿದ್ದರು. ಏಕದಿನ ಪಂದ್ಯಗಳಲ್ಲಿ ಅವರು ಹೊಡೆದ ಒಂದೇ ಒಂದು ಶತಕ ಅದು. ಅಪ್ಪನೂ ಬೈಯಲು ಬಾಯಿ ತೆರೆದವರು ಪೂರ್ತಿ ನೋಡಿಯೇ ಎದ್ದರು.

ಟೇಪನ್ನು ಕೊಂದದ್ದು ಅಣ್ಣನಲ್ಲ, ಉಡುಪಿಯ ಮಳೆ. ಜೂನ್ ಹಿಡಿದರೆ ಟೇಪಿನ ಅಂಚಿಗೆ ಬಿಳಿ ಬೂಸು. ಗೊತ್ತಾಗದೆ ಹಾಕಿದರೆ ಆ ಬೂಸು, ನಿಮಿಷಕ್ಕೆ 1,500 ಸುತ್ತು ತಿರುಗುವ ಡ್ರಮ್ಮಿನ ಹೆಡ್ಡಿಗೆ ಮೆತ್ತಿಕೊಂಡು, ಆಮೇಲೆ ಹಾಕಿದ ಒಳ್ಳೆಯ ಕ್ಯಾಸೆಟ್ಟಿಗೂ ಹರಡುತ್ತಿತ್ತು.

ಬೆಂಗಳೂರಿಗೆ ಬಂದ ಮೇಲೆ ನಾನು ಕಂಪ್ಯೂಟರಿಗೆ ಟೀವಿ ಟ್ಯೂನರ್ ಕಾರ್ಡು ಹಾಕಿಸಿದೆ. ಅಗ್ಗದ ಕಾರ್ಡಾದರೆ ಚಿತ್ರವನ್ನು ಕುಗ್ಗಿಸುವ ಕೆಲಸವೆಲ್ಲ ಕಂಪ್ಯೂಟರಿನ ತಲೆಗೇ; ರೆಕಾರ್ಡಿಂಗ್ ನಡೆಯುವಾಗ ಇನ್ನೇನಾದರೂ ತೆರೆದರೆ ಚಿತ್ರ ಕುಂಟುತ್ತದೆ. ಆ ಕೆಲಸಕ್ಕೆ ಬೇರೆಯೇ ಚಿಪ್ಪಿರುವ ದುಬಾರಿ ಕಾರ್ಡು ತಂದು ಸುಖವಾಗಿದ್ದೆ. 2013ರಲ್ಲಿ ಊರಿನ ಕೇಬಲ್ಲೆಲ್ಲ ಡಿಜಿಟಲ್ ಆಯಿತು. ಮನೆಮನೆಗೆ ಸೆಟ್‌ಟಾಪ್ ಬಾಕ್ಸು ಬಂತು, ಚಾನೆಲ್ಲುಗಳಿಗೆ ಬೀಗ ಬಿತ್ತು, ನನ್ನ ಕಾರ್ಡು ಗುಜರಿಗೆ ಹೋಯಿತು.

ಬಾಕ್ಸಿನಲ್ಲೂ ರೆಕಾರ್ಡ್ ಆಗುತ್ತದಲ್ಲ ಎನ್ನಬಹುದು. ಆಗುತ್ತದೆ. ಪೆನ್‌ಡ್ರೈವ್ ಚುಚ್ಚಿದರೆ ಸಾಕು. ಆದರೆ ಅನೇಕ ಬಾಕ್ಸುಗಳಲ್ಲಿ ಹಿಡಿದದ್ದು ಆ ಬಾಕ್ಸಿಗೆ ಮಾತ್ರ ಅರ್ಥವಾಗುವ ಗುಟ್ಟು. ಬಾಕ್ಸು ಕೆಟ್ಟು ಹೊಸದು ಬಂದರೆ ಪೆನ್‌ಡ್ರೈವಿನಲ್ಲಿರುವುದು ಬರೀ ಭಾರ. ಮನೆಯಲ್ಲಿ ಹಿಡಿದಿಟ್ಟು ಆಮೇಲೆ ನೋಡುವುದು ತಪ್ಪಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 1984ರಲ್ಲಿ, ಅದೂ ಐದಕ್ಕೆ ನಾಲ್ಕು ಮತದಲ್ಲಿ, ಸೋನಿಯ ಪರವಾಗಿ ಹೇಳಿತ್ತು. ಕೋರ್ಟು ಒಪ್ಪಿದರೂ ಬಾಕ್ಸು ಒಪ್ಪಬೇಕಲ್ಲ!

ಹಾಗಾಗಿ ಊರಿನಲ್ಲಿ ಅಮ್ಮನಿಗೆ ಚಂದನ ವಾಹಿನಿಯ ಕ್ವಿಜ್ 'ಥಟ್ ಅಂತ ಹೇಳಿ' ಹಿಡಿದುಕೊಡಲು ಹೊರಟಾಗ (ಅದು ಬರುವ ಹೊತ್ತಿಗೆ ಅಮ್ಮನಿಗೆ ನಿದ್ದೆ) ಬೀಗವಿಲ್ಲದ ದಾರಿ ಹುಡುಕಿದೆ. ದೂರದರ್ಶನದ ಫ್ರೀ ಡಿಶ್‌ನಲ್ಲಿ ಚಂದನ ಬೀಗವಿಲ್ಲದೆ, ತಿಂಗಳ ಬಾಡಿಗೆಯಿಲ್ಲದೆ ಬರುತ್ತದೆ. ಬೇಕಾದದ್ದು ಛಾವಣಿಯ ಮೇಲೊಂದು ಡಿಶ್, ಸ್ಯಾಟಲೈಟ್ ಟ್ಯೂನರ್, ಮೂಲೆಗೆ ಬಿದ್ದ ಲ್ಯಾಪ್‌ಟಾಪು, ಹಾರ್ಡ್‌ಡಿಸ್ಕು. ಟ್ಯೂನರಿಗೆ ಪ್ರತ್ಯೇಕ ಅಡಾಪ್ಟರ್ ಇದೆಯೇ ಎಂಬುದನ್ನು ಮಾತ್ರ ನೋಡಿಯೇ ತರಬೇಕು. ಡಿಶ್ಶಿನ ಮೂತಿಯಲ್ಲಿರುವ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟು ಬೇಕು. ಯುಎಸ್‌ಬಿ ತೂತಿನಿಂದ ಬರುವುದು ಐದು. ಲ್ಯಾಪ್‌ಟಾಪು ಹಳೆಯದಾದರೂ ಚಿಂತೆಯಿಲ್ಲ. ಆಕಾಶದಿಂದ ಬರುವುದು ಆಗಲೇ ಕುಗ್ಗಿಸಿದ ಚಿತ್ರ, ಇದು ಬರೆದಿಟ್ಟುಕೊಂಡರೆ ಸಾಕು. ಸೆಕೆಂಡಿಗೆ 3 ಮೆಗಾಬಿಟ್ ಎಂದು ಹಿಡಿದರೆ ಗಂಟೆಗೆ 1.35 ಜಿಬಿ, ಒಂದು ಟಿಬಿಯ ಡಿಸ್ಕಿನಲ್ಲಿ ಏಳುನೂರು ಗಂಟೆಗೂ ಮೇಲೆ. ಮಾವನ ಪ್ರಶ್ನೆಗೆ ಅಲ್ಲಿಗೆ ಉತ್ತರವಾಯಿತು. ಜೋರು ಮಳೆಗೆ ಸಿಗ್ನಲ್ ಮಾಯವಾಗುವುದಕ್ಕೆ ಮಾತ್ರ ಯಾವ ಪೆಟ್ಟಿಗೆಯಲ್ಲೂ ಮದ್ದಿಲ್ಲ.

ಅಮ್ಮ ಈಗ ಮಧ್ಯಾಹ್ನ ಊಟವಾದ ಮೇಲೆ ನೋಡುತ್ತಾರೆ, ಕೆಲವನ್ನು ಎರಡೆರಡು ಸಲ. ಮೊನ್ನೆ ಚಿಕ್ಕಮ್ಮ ಬಂದಿದ್ದಾಗ ಎರಡು ಸಲ ನೋಡಿದ್ದನ್ನೇ ಹಾಕಿ, ಕೇಳಿದ ಪ್ರಶ್ನೆಗೆಲ್ಲ ಸ್ಪರ್ಧಿಗಳಿಗಿಂತ ಮೊದಲೇ ಉತ್ತರ ಹೇಳಿದರಂತೆ.

"ಅಕ್ಕ, ನಿಮಗೆ ಇಷ್ಟೆಲ್ಲ ಹೇಗೆ ಗೊತ್ತು?"

"ಎಂತದೋ, ಓದಿದ್ದು ನೆನಪುಂಟು ಅಷ್ಟೆ."