ನೇರಳೆಯ ಬಣ್ಣ, ನಾಲಗೆಯ ಹೊಣೆ



ಮುಂಗಾರಿನ ಮೊದಲ ಮಳೆಗಳು ಬೀಳುವ ಹೊತ್ತಿಗೆ ಹೊಸಪೇಟೆಯ ರಸ್ತೆಬದಿಗಳಲ್ಲಿ ನೇರಳೆ ಹಣ್ಣಿನ ಬುಟ್ಟಿಗಳು ಕಾಣಿಸಿಕೊಳ್ಳುತ್ತವೆ. ಉಪ್ಪು ಉದುರಿಸಿದ ನಾಲ್ಕು ಹಣ್ಣು ತಿಂದರೆ ಸಾಕು, ನಾಲಗೆ ನೀಲಿಗಟ್ಟುತ್ತದೆ. ಬಾಲ್ಯದಲ್ಲಿ ನಮ್ಮ ಕಳ್ಳತನವನ್ನು ತಾಯಿ ಪತ್ತೆಹಚ್ಚುತ್ತಿದ್ದುದು ಈ ನೀಲಿ ನಾಲಗೆಯಿಂದಲೇ. ಸಂಡೂರಿನ ಗುಡ್ಡಗಳ ಕವಳಿ ಹಣ್ಣಿನದೂ ಇಂಥದೇ ಗಾಢ ಬಣ್ಣ. ಕಾಡಿನ ಹಣ್ಣು ಬಡವರ ಆತಿಥ್ಯ. ಹಂಪಿಯ ಎದುರು ದಡದಲ್ಲಿ, ಆನೆಗೊಂದಿಯ ಸಮೀಪದ ಪಂಪಾ ಸರೋವರದ ಬಳಿ ಶಬರಿಯು ಶ್ರೀರಾಮನಿಗೆ ಹಣ್ಣು ಕೊಟ್ಟಳೆಂದು ಇಲ್ಲಿಯ ಜನ ಇಂದಿಗೂ ಹೇಳುತ್ತಾರೆ.

ಆ ಗಾಢ ಬಣ್ಣಕ್ಕೆ ಕಾರಣ ಆಂಥೋಸಯಾನಿನ್ ಎಂಬ ವಸ್ತು. ನೇರಳೆಯ ಒಗರಿಗೆ ಕಾರಣ ಟ್ಯಾನಿನ್. ಎರಡೂ ಪಾಲಿಫೀನಾಲ್ ಎಂಬ ದೊಡ್ಡ ಕುಟುಂಬಕ್ಕೆ ಸೇರಿದವು. ಇವುಗಳಿಗೆ ಉರಿಯೂತವನ್ನು ತಗ್ಗಿಸುವ ಗುಣವಿದೆಯೆಂಬ ಮಾತನ್ನು ನೀವೂ ಕೇಳಿರಬಹುದು. ಉರಿಯೂತವೆಂದರೇನು? ಮೊದಲನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ಅದಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದ್ದಾನೆ: ಕೆಂಪು, ಊತ, ಬಿಸಿ, ನೋವು. ಗಾಯವಾದಾಗ ಉರಿಯೂತವು ದೇಹದ ಕಾವಲುಗಾರ. ಆದರೆ ಕಳ್ಳ ಓಡಿಹೋದ ಮೇಲೂ ಕಾವಲುಗಾರನು ದೊಣ್ಣೆ ಬೀಸುತ್ತಲೇ ಇದ್ದರೆ ಒಡೆಯುವುದು ಮನೆಯ ಸಾಮಾನೇ. ಪ್ರಯೋಗಾಲಯದಲ್ಲಿ ಜೀವಕೋಶಗಳ ಮೇಲೆ ಆಂಥೋಸಯಾನಿನ್ ಪ್ರಯೋಗಿಸಿದಾಗ ಉರಿಯೂತವನ್ನು ಕೆರಳಿಸುವ ಸಂಕೇತಗಳು ತಗ್ಗಿದ್ದನ್ನು ವಿಜ್ಞಾನಿಗಳು ಕಂಡಿದ್ದಾರೆ.

ಇಷ್ಟನ್ನು ಓದಿ ನಾನು ಉತ್ಸಾಹಗೊಂಡಿದ್ದೆ. ಕೆಲವು ವರ್ಷಗಳ ಹಿಂದೆ ಕಂಪ್ಲಿಯ ಕಡೆ ಮನೆಭೇಟಿಗೆ ಹೋದಾಗ ಒಬ್ಬ ತಾಯಿ ತಮ್ಮ ಕೈಗಳನ್ನು ತೋರಿಸಿದರು. ಜೀವನವಿಡೀ ಭತ್ತದ ನಾಟಿ ಮಾಡಿದ ಕೈಗಳು. ಬೆಳಿಗ್ಗೆ ಬೆರಳು ಮಡಚಲೂ ಆಗುತ್ತಿರಲಿಲ್ಲ. "ನೇರಳೆ ತಿನ್ನಿರಿ ಅಮ್ಮ, ಅದರಲ್ಲೇ ಔಷಧವಿದೆ" ಎಂದುಬಿಟ್ಟೆ. ಅವರು ಯಾವ ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆಂದು ಕೇಳಲಿಲ್ಲ.

ತಿಂಗಳುಗಳ ನಂತರ ಮತ್ತೆ ಕಂಡಾಗ ಅವರ ಬೆರಳುಗಳು ಊದಿಕೊಂಡು ವಾರೆಯಾಗಿದ್ದವು. "ಸ್ವಾಮಿ, ಹಣ್ಣಿನಾಗ ಔಷಧ ಐತಿ ಅಂತ ನೀವೇ ಹೇಳಿದ್ರಲ್ಲ, ಗುಳಿಗಿ ಬಿಟ್ಟೆ" ಎಂದರು. ಆ ಮಾತಿನಲ್ಲಿ ದೂರು ಇರಲಿಲ್ಲ, ನಂಬಿಕೆ ಇತ್ತು. ನನ್ನನ್ನು ಚುಚ್ಚಿದ್ದೂ ಅದೇ.

ವೈದ್ಯರು ವಿವರಿಸಿದರು: ಅದು ರುಮಟಾಯ್ಡ್ ಸಂಧಿವಾತ. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ರೋಗ. ಔಷಧದಿಂದ ಅದನ್ನು ತಡೆಯದಿದ್ದರೆ ಮೂಳೆಯೇ ಸವೆಯುತ್ತದೆ. ಸವೆದದ್ದು ಮರಳಿ ಬಾರದು. ಹಣ್ಣಿನ ಆಂಥೋಸಯಾನಿನ್ ಮೂಲರೂಪದಲ್ಲಿ ರಕ್ತ ಸೇರುವುದು ಅತ್ಯಲ್ಪ. ಹೆಚ್ಚಿನ ಭಾಗವನ್ನು ಕರುಳಿನ ಸೂಕ್ಷ್ಮಜೀವಿಗಳು ಬೇರೆ ರೂಪಕ್ಕೆ ಬದಲಿಸುತ್ತವೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ನಡೆದದ್ದೆಲ್ಲ ಮನುಷ್ಯನ ಕೀಲಿನಲ್ಲಿ ನಡೆಯಬೇಕೆಂದಿಲ್ಲ.

ನನಗಿಂತ ವಿವೇಕಿಯಾದ ಪಾದ್ರಿಯೊಬ್ಬರು ಹಿಂದೆ ಇದ್ದರು. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಎಡ್ವರ್ಡ್ ಸ್ಟೋನ್. ವಿಲೋ ಮರದ ತೊಗಟೆಯನ್ನು ಒಣಗಿಸಿ, ಪುಡಿಮಾಡಿ, ಮೊದಲು ಸ್ವಲ್ಪವೇ ಕೊಟ್ಟು, ಬಳಿಕ ಪ್ರಮಾಣ ಹೆಚ್ಚಿಸುತ್ತಾ, ಸುಮಾರು 50 ಜ್ವರಪೀಡಿತರಲ್ಲಿ ಪರಿಣಾಮವನ್ನು ಗಮನಿಸಿ, 1763ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದರು. 1828ರಲ್ಲಿ ಆ ತೊಗಟೆಯಿಂದ ಸ್ಯಾಲಿಸಿನ್ ಬೇರ್ಪಟ್ಟಿತು. 1897ರಲ್ಲಿ ಅದರ ಬಂಧುವಾದ ಆಸ್ಪಿರಿನ್ ಶುದ್ಧರೂಪದಲ್ಲಿ ತಯಾರಾಯಿತು. ಅದು ಉರಿಯೂತವನ್ನು ತಗ್ಗಿಸುವ ಬಗೆಯನ್ನು ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. ಒಂದು ತೊಗಟೆ ನಂಬಲರ್ಹ ಗುಳಿಗೆಯಾಗಲು ಅಷ್ಟೊಂದು ಅಳತೆ, ಅಷ್ಟೊಂದು ತಾಳ್ಮೆ ಬೇಕಾಯಿತು. ನಾನಾದರೋ ಒಂದು ಲೋಟ ಚಹಾ ಮುಗಿಯುವುದರೊಳಗೆ ಔಷಧ ಹೇಳಿ ಎದ್ದು ಬಂದಿದ್ದೆ.

ಹಾಗೆಂದು ನೇರಳೆಯನ್ನು ದೂರಬೇಡಿ. ಕಾಲಕಾಲದ ಹಣ್ಣು ಒಳ್ಳೆಯ ಆಹಾರ. ಮಕ್ಕಳಿಗೆ ಬಣ್ಣದ ಪಾನೀಯದ ಬದಲು ಅದನ್ನೇ ಕೊಡಿ. ಆದರೆ ಆಹಾರವು ಗುಳಿಗೆಯ ಜೊತೆಗಾರನೇ ಹೊರತು ಬದಲಿಯಲ್ಲ. ವೈದ್ಯರನ್ನು ಕೇಳದೆ ಔಷಧ ನಿಲ್ಲಿಸಿರೆಂದು ಯಾರೇ ಹೇಳಿದರೂ, ಅವರು ನಿಮ್ಮ ಗುರುಗಳೇ ಆಗಿದ್ದರೂ, ಕೇಳಬೇಡಿ. ಜನ ನಮ್ಮ ಮಾತನ್ನು ನಂಬುತ್ತಾರೆ. ಆದ್ದರಿಂದಲೇ ನಾವು ಅರಿಯದ ವಿಷಯದಲ್ಲಿ ನಾಲಗೆಯನ್ನು ಬಿಗಿಹಿಡಿಯಬೇಕು.

ಆ ತಾಯಿಯ ಎರಡು ಬೆರಳುಗಳು ನೆಟ್ಟಗಾಗಲೇ ಇಲ್ಲ. ಕಳೆದ ನೇರಳೆ ಕಾಲದಲ್ಲಿ ಅವರು ಸೆರಗಿನಲ್ಲಿ ಹಣ್ಣು ಕಟ್ಟಿಕೊಂಡು ನಮ್ಮ ಅಂಗಳಕ್ಕೆ ಬಂದರು. "ಗುಳಿಗೆ ತೆಗೆದುಕೊಂಡಿರಾ ಅಮ್ಮ?" ಎಂದು ಮೊದಲು ಕೇಳಿದೆ.

"ತಗೊಂಡೇನ್ರಿ ಸ್ವಾಮಿ" ಎಂದು ನಕ್ಕರು. ಆಮೇಲೆ ಇಬ್ಬರೂ ಕುಳಿತು ಹಣ್ಣು ತಿಂದೆವು.