ಆಜಿಯಾದ ನಮ್ಮ ಅಮ್ಮ

ನಮ್ಮ ಮಕ್ಕಳು ನಮ್ಮ ಅಮ್ಮನನ್ನು ಕರೆಯುತ್ತಿದ್ದುದು ‘ಆಜೀ’ ಎಂದು. ಕನ್ನಡದ ಅಜ್ಜಿಗೂ ಮರಾಠಿಯ ಆಜಿಗೂ ಕಿವಿಗೆ ಹೆಚ್ಚು ಅಂತರವಿಲ್ಲ. ಇದ್ದಷ್ಟನ್ನೂ ಅಮ್ಮ ಒಮ್ಮೆಯೂ ತಿದ್ದಲಿಲ್ಲ. ಕರೆದವರು ಮೊಮ್ಮಕ್ಕಳು, ಓಗೊಡುವುದು ತನ್ನ ಕೆಲಸ ಎಂಬುದು ಅವಳ ಲೆಕ್ಕ. ಅವಳು ತೀರಿಕೊಂಡ ಎರಡು ವರ್ಷಗಳ ಬಳಿಕ ಅವಳ ಮೂವರು ಮಕ್ಕಳಾದ ನಾವು ಅವಳ ಬದುಕನ್ನು ಬರೆದಿಡಲು ಕುಳಿತೆವು. ಆಗ ಎದುರಾದ ಮೊದಲ ತೊಡಕೆಂದರೆ, ಅವಳ ಕಥೆಗಳು ನಮಗಿಂತ ಹೆಚ್ಚಾಗಿ ಯಾರ ಬಳಿ ಉಳಿದಿವೆಯೋ ಅವರಿಗೆ ಕನ್ನಡ ಬರುವುದಿಲ್ಲ.

ಅಮ್ಮ ಗಂಗೊಳ್ಳಿಯವಳು. ಐದು ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ ಕಡಲು ಸೇರುವಲ್ಲಿ ಈಚೆ ದಡದಲ್ಲಿ ಕುಂದಾಪುರ, ಆಚೆ ದಡದಲ್ಲಿ ಗಂಗೊಳ್ಳಿ. ಕಣ್ಣಿಗೆ ಕಾಣುವಷ್ಟು ಹತ್ತಿರ. ರಸ್ತೆಯಲ್ಲಿ ಹೋಗುವುದಾದರೆ ತ್ರಾಸಿಯವರೆಗೆ ಸುತ್ತಿ ಬರಬೇಕು. ಮೂರನೆಯ ತರಗತಿಗೆ ಅವಳ ಶಾಲೆ ಮುಗಿಯಿತು. 1975ರಲ್ಲಿ ಮದುವೆಯಾಗಿ, ಘಟ್ಟ ಹತ್ತಿ ಕೊಲ್ಲಾಪುರ, ಪುಣೆಗಳ ದಾರಿಯಾಗಿ ಬಸ್ಸಿನಲ್ಲಿ ಬಂದು ಡೊಂಬಿವಲಿಯಲ್ಲಿ ಇಳಿದಳು. ಅಪ್ಪಯ್ಯ ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು, ಫೋರ್ಟ್ ಪರಿಸರದ ಹೋಟೆಲೊಂದರಲ್ಲಿ ದುಡಿಯುತ್ತ ಕನ್ನಡ ರಾತ್ರಿಶಾಲೆಯಲ್ಲಿ ಓದಿ ಗುಮಾಸ್ತರಾದವರು. ಆ ಪೀಳಿಗೆಯ ಕರಾವಳಿ ಹುಡುಗರ ಕಥೆಯನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅವರ ಬೆನ್ನಿಗೆ ಬಂದ ಹೆಂಗಸರ ಕಥೆ ಅಷ್ಟಾಗಿ ಬರೆಹಕ್ಕೆ ಸಿಕ್ಕಿಲ್ಲ ಎಂದೇ ನಮ್ಮ ಅನಿಸಿಕೆ. ಗಂಡಸರಿಗೆ ಹೋಟೆಲಿತ್ತು, ರಾತ್ರಿಶಾಲೆಯಿತ್ತು, ಸಂಘದ ಸಭೆ, ಯಕ್ಷಗಾನಗಳಿದ್ದವು; ಅಲ್ಲೆಲ್ಲ ಕನ್ನಡವಿತ್ತು. ಹೆಂಗಸರಿಗೆ ಇದ್ದುದು ಚಾಳು ಮತ್ತು ಚಾಳಿನ ನಲ್ಲಿ.

ಅಮ್ಮ ಮರಾಠಿ ಕಲಿತದ್ದು ಆ ನಲ್ಲಿಯ ಬುಡದಲ್ಲಿ. ‘ಪಾಣೀ ಆಲಂ ಕಾ?’ ಎಂಬುದು ಅವಳ ಮೊದಲ ವಾಕ್ಯ. ಬೆಳಗಿನ ನಾಲ್ಕಕ್ಕೆ ಬರುವ ನೀರಿಗೆ ಕೊಡ ಸಾಲಿಟ್ಟು ನಿಂತಾಗ, ಪಕ್ಕದ ಕೊಠಡಿಯ ಸಾತಾರಾದ ಹೆಂಗಸು ಅವಳಿಗೆ ಗುರು. ಆಕೆಯ ಕೈಯಲ್ಲಿ ಅಡಕಿತ್ತಾ ಕಂಡಾಗ, ಅದು ನಮ್ಮ ಅಡಕತ್ತರಿಯ ಬಂಧುವೇ ಎಂದು ಅಮ್ಮನಿಗೆ ಎಷ್ಟು ಸಂತೋಷವಾಯಿತೆಂದರೆ, ಅಂದಿನಿಂದ ಇಬ್ಬರೂ ಒಂದೇ ತಟ್ಟೆಯ ಎಲೆಯಡಿಕೆ ಹಾಕಲಾರಂಭಿಸಿದರಂತೆ. ಶ್ರಾವಣದಲ್ಲಿ ಸಂತೆಗೆ ಬರುವ ಅಳೂವಿನ ಎಲೆ ಇವಳ ಕೆಸುವಾಯಿತು. ಆಕೆ ಕಡಲೆಹಿಟ್ಟು ಬಳಿದು ಅಳೂವಡಿ ಮಾಡಿದರೆ ಇವಳು ಅಕ್ಕಿ ಅರೆದು ಪತ್ರೊಡೆ ಮಾಡುವಳು. ಪಾತ್ರೆಗಳು ಬಾಗಿಲಿನಿಂದ ಬಾಗಿಲಿಗೆ ಹೋಗಿಬರುವವು. ಮರಾಠಿಯ ವ್ಯಾಕರಣ ಮಾತ್ರ ಅವಳಿಗೆ ಕೊನೆಯವರೆಗೂ ಒಲಿಯಲಿಲ್ಲ. ಗಾಡಿ ಸ್ತ್ರೀಲಿಂಗ, ಪಂಖಾ ಪುಲ್ಲಿಂಗ, ಘರ ನಪುಂಸಕ ಎಂಬ ಭೇದ ಅವಳಿಗೆ ಸಮ್ಮತವಿರಲಿಲ್ಲ. ಜೀವವಿಲ್ಲದ್ದೆಲ್ಲ ಅವಳ ಬಾಯಲ್ಲಿ ಕನ್ನಡದಂತೆ ನಪುಂಸಕವೇ.

ಮನೆಯೊಳಗೆ ಅವಳದು ಅಪ್ಪಟ ಕುಂದಾಪುರದ ಕನ್ನಡ. ಅಪ್ಪಯ್ಯ ‘ಕರ್ನಾಟಕ ಮಲ್ಲ’ ತಂದು ಗಟ್ಟಿಯಾಗಿ ಓದುವರು, ಅವಳು ತರಕಾರಿ ಹೆಚ್ಚುತ್ತ ಕೇಳುವಳು. ನಿಧನವಾರ್ತೆಗಳನ್ನು ಮೊದಲು ಓದಬೇಕೆಂಬುದು ಅವಳ ಕರಾರು. 1998ರಲ್ಲಿ ಕೊಂಕಣ ರೈಲು ಆರಂಭವಾಗಿ ಊರು ಒಂದು ರಾತ್ರಿಯ ದಾರಿಯಾದಾಗ, ಹೋಗಿ ಉಳಿಯಲು ತವರುಮನೆ ಅಲ್ಲಿರಲಿಲ್ಲ. ಪಾಲಾಗಿ, ಮಾರಿ ಹೋಗಿತ್ತು.

ಕಾಲಕ್ರಮದಲ್ಲಿ ನಾವು ಹಂಚಿಹೋದೆವು. ನಮ್ಮಲ್ಲೊಬ್ಬರ ಸಂಸಾರ ಕಲ್ಯಾಣಿನಲ್ಲಿ, ಒಬ್ಬರದು ಥಾಣೆಯಲ್ಲಿ, ಇನ್ನೊಬ್ಬರದು ನವಿಮುಂಬಯಿಯ ಖಾರ್ಘರಿನಲ್ಲಿ. ಇಬ್ಬರ ಸಂಗಾತಿಗಳು ಮರಾಠಿಗರು. ಮೊಮ್ಮಕ್ಕಳು ನಾಲ್ವರೂ ಇಂಗ್ಲಿಷ್ ಶಾಲೆಗೆ ಹೋಗಿ ಮರಾಠಿಯಲ್ಲಿ ಆಡುವವರು. ಅಪ್ಪಯ್ಯ ಇರುವಷ್ಟು ಕಾಲ ಅವರಿಗೆ ಕನ್ನಡ ಕಲಿಸಬೇಕೆಂದು ಹಟ ಹಿಡಿದರು, ವರ್ಣಮಾಲೆಯ ಪಟ ತಂದು ಗೋಡೆಗೆ ಅಂಟಿಸಿದರು. ಅಮ್ಮ ಆ ಗೊಡವೆಗೆ ಹೋಗಲಿಲ್ಲ. ‘ಮಕ್ಕಳಿಗ್ ಕಥಿ ಬೇಕಾ, ಭಾಷಿ ಬೇಕಾ? ಮೊದಲ್ ಕಥಿ ಹೇಳ್ಕ್’ ಎಂದು, ತನ್ನ ನಲ್ಲಿಕಟ್ಟೆಯ ಮರಾಠಿಯಲ್ಲೇ ಗಂಗೊಳ್ಳಿಯನ್ನು ಕಟ್ಟಿಕೊಟ್ಟಳು. ಮೀನಿನ ಬುಟ್ಟಿ, ಮಳೆಗಾಲದ ಕಡಲು, ಕಡವಿನ ದೋಣಿಯವ, ಹಬ್ಬದ ಕೊಟ್ಟೆ ಕಡುಬು ಎಲ್ಲವೂ ಲಿಂಗ ತಪ್ಪಿದ ಮರಾಠಿಯಲ್ಲಿ ಮಕ್ಕಳ ಕಿವಿಗೆ ಬಿದ್ದವು. ಮರಾಠಿಯಲ್ಲಿ ಮಾತು ಸಿಗದಲ್ಲಿ ತನ್ನದೇ ಪದ ಹಾಕಿ ಮುಂದೆ ಸಾಗುತ್ತಿದ್ದಳು. ಕಲ್ಯಾಣಿನ ಮೊಮ್ಮಗಳು ಶಾಲೆಯ ಮರಾಠಿ ಪ್ರಬಂಧದಲ್ಲಿ ‘ಕಡವು’ ಎಂದು ಬರೆದಾಗ ಅದರಡಿ ಕೆಂಪು ಗೆರೆ ಬಿತ್ತು. ಹೊಳೆ ದಾಟುವ ಜಾಗಕ್ಕೆ ಮರಾಠಿಯಲ್ಲಿ ಇರುವ ಹೆಸರೇ ಅದೆಂದು ಹುಡುಗಿ ಅಲ್ಲಿಯವರೆಗೆ ನಂಬಿದ್ದಳು.

2021ರ ಡಿಸೆಂಬರಿನಲ್ಲಿ ಅಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಥಾಣೆಯ ಆಸ್ಪತ್ರೆಯೊಂದರಲ್ಲಿ ಆರು ದಿನಗಳ ಬಳಿಕ ಅವಳಿಗೆ ಮಾತು ಮರಳಿದಾಗ, ಮರಳಿದ್ದು ಕುಂದಾಪುರದ ಕನ್ನಡ ಮಾತ್ರ. ನಲವತ್ತಾರು ವರ್ಷಗಳ ಮರಾಠಿ ಎಲ್ಲಿ ಹೋಯಿತೋ ತಿಳಿಯದು. ಬಾಲ್ಯದ ಭಾಷೆ ಉಳಿದು ಅನಂತರ ಕಲಿತದ್ದು ಅಳಿಸಿಹೋಗುವುದುಂಟು ಎಂದು ವೈದ್ಯರು ಹೇಳಿದರು. ಮೊಮ್ಮಕ್ಕಳು ಹಾಸಿಗೆಯ ಸುತ್ತ ನಿಂತು ‘ಆಜೀ, ಕಾಯ್ ಹವಂ?’ ಎಂದು ಕೇಳಿದರೆ, ಅವಳು ಅವರನ್ನು ಗುರುತಿಸಿ, ನಕ್ಕು, ಅವರಿಗೆ ಅರ್ಥವಾಗದ ಮಾತಿನಲ್ಲಿ ಉತ್ತರಿಸುವಳು. ‘ನೋವು’ ಎಂದದ್ದನ್ನು ಅವರಿಗಿಂತ ಮೊದಲು ಹಿಡಿದವಳು ಕೇರಳದ ಒಬ್ಬ ದಾದಿ. ಮಲಯಾಳದಲ್ಲೂ ಆ ಪದವಿದೆ. ಅಂದು ಸಂಜೆ ಕಲ್ಯಾಣಿನ ಮೊಮ್ಮಗಳು ಒಂದು ನೋಟುಪುಸ್ತಕ ತಂದಳು. ಅಜ್ಜಿ ಆಡಿದ್ದನ್ನೆಲ್ಲ ದೇವನಾಗರಿಯಲ್ಲಿ ಕಿವಿಗೆ ಬಿದ್ದಂತೆ ಬರೆದುಕೊಂಡು, ರಾತ್ರಿ ನಮಗೆ ಫೋನು ಮಾಡಿ ಒಂದೊಂದರ ಅರ್ಥ ಕೇಳುವಳು. ನೀರು, ಚಳಿ, ಮಗ್ಗುಲು, ಕಾಂಬ, ಹ್ವಾಪ. ನಾಲ್ಕು ತಿಂಗಳಲ್ಲಿ ಪುಸ್ತಕದ ಹನ್ನೊಂದು ಪುಟ ತುಂಬಿದವು. ಏಪ್ರಿಲಿನಲ್ಲಿ ಅಮ್ಮ ಹೋದಳು.

ಎಂ.ಎ. ಇಂಗ್ಲಿಷಿನ ಕಾಲದಿಂದಲೂ ನಮ್ಮಲ್ಲೊಬ್ಬರ ಕಪಾಟಿನಲ್ಲಿ ಐರ್ಲೆಂಡಿನ ಪೆಗ್ ಸೇಯರ್ಸ್ ಎಂಬ ತಾಯಿಯ ಆತ್ಮಕಥೆಯಿದೆ. 1873ರಲ್ಲಿ ಆ ದೇಶದ ಪಡುವಣ ತುದಿಯಲ್ಲಿ ಹುಟ್ಟಿ, ಮದುವೆಯಾಗಿ ಗ್ರೇಟ್ ಬ್ಲಾಸ್ಕೆಟ್ ಎಂಬ ಪುಟ್ಟ ದ್ವೀಪ ಸೇರಿದವಳು ಆಕೆ. ಅವಳ ನಾಲಿಗೆ ಐರಿಷ್. ಶಾಲೆ ಕಲಿಸಿದ್ದು ಇಂಗ್ಲಿಷ್. ನೂರಾರು ಕಥೆ ಬಲ್ಲವಳಾದರೂ ತನ್ನ ಭಾಷೆಯನ್ನು ಬರೆಯಲು ಬಾರದು. ಅವಳು ಹೇಳಿದ್ದನ್ನು ಮಗ ಮೀಹಾಲ್ ಬರೆದುಕೊಂಡ, 1936ರಲ್ಲಿ ಪುಸ್ತಕವಾಯಿತು. ಕೆಲವು ಮಕ್ಕಳು ತೀರಿಕೊಂಡರು, ಉಳಿದವರು ಅಮೆರಿಕದ ದಾರಿ ಹಿಡಿದರು. 1953ರಲ್ಲಿ ದ್ವೀಪವೇ ಬರಿದಾಯಿತು, 1958ರಲ್ಲಿ ಅವಳು ತೀರಿಕೊಂಡಳು. ಮುಂದೆ ಆ ಪುಸ್ತಕ ಐರಿಷ್ ಶಾಲೆಗಳಲ್ಲಿ ಕಡ್ಡಾಯ ಪಠ್ಯವಾಗಿ, ಎಷ್ಟೋ ವಿದ್ಯಾರ್ಥಿಗಳ ಬೈಗುಳಕ್ಕೆ ಗುರಿಯಾದದ್ದೂ ಉಂಟು. ಪಠ್ಯವಾದರೆ ಅಜ್ಜಿಯರಿಗೂ ವಿನಾಯಿತಿಯಿಲ್ಲ.

ಪೆಗ್ ತನ್ನ ಮಾತನ್ನು ಬಿಡದೆ ಹೇಳಿದಳು, ಮಗನಿಗೆ ಅದೇ ಮಾತು ಗೊತ್ತಿತ್ತು. ನಮ್ಮ ಅಮ್ಮ ಹಾಗೆ ಮಾಡಲಿಲ್ಲ. ತನ್ನ ಮಾತನ್ನು ಪಕ್ಕಕ್ಕಿರಿಸಿ ಕಥೆಯನ್ನು ದಾಟಿಸಿದಳು. ಇದನ್ನು ಕನ್ನಡದ ಸೋಲೆಂದು ಬಂಧುಗಳು ಕೆಲವರು ಹೇಳಿದ್ದಾರೆ. ನಾವು ಹಾಗೆ ತಿಳಿದಿಲ್ಲ. ಗೋಡೆಯ ವರ್ಣಮಾಲೆಯಿಂದ ಮೊಮ್ಮಕ್ಕಳಿಗೆ ಒಂದಕ್ಷರವೂ ಅಂಟಲಿಲ್ಲ. ಆ ಹನ್ನೊಂದು ಪುಟಗಳನ್ನು ಮೊಮ್ಮಗಳು ಯಾರೂ ಹೇಳದೆ ಬರೆದಳು.

ಈಗ ತಿಂಗಳಿಗೊಂದು ಭಾನುವಾರ ಕಲ್ಯಾಣಿನ ಮನೆಯಲ್ಲಿ ಸೇರುತ್ತೇವೆ. ಮಕ್ಕಳು ಅಜ್ಜಿಯ ಕಥೆಗಳನ್ನು ಮರಾಠಿಯಲ್ಲಿ ಹೇಳುತ್ತಾರೆ, ನಾವು ಕನ್ನಡದಲ್ಲಿ ಬರೆಯುತ್ತೇವೆ. ಬರೆಯಬೇಕಾದದ್ದು ಪುಸ್ತಕದ ಕನ್ನಡವೋ ಕುಂದಾಪುರದ್ದೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಕಳೆದ ಸಲ ಕಡವಿನ ಕಥೆ ಬಂತು: ಮಳೆಗಾಲದ ಇರುಳು, ಆಚೆ ದಡದ ದೋಣಿಯವನನ್ನು ಕರೆಯಲು ಅಮ್ಮನ ಅಮ್ಮ ಲಾಟೀನು ಬೀಸುತ್ತಿದ್ದಳು. ಬರಿಯ ಪ್ರಯಾಣಿಕರಿದ್ದರೆ ಒಂದು ಸಲ. ಮನೆಯಲ್ಲಿ ಯಾರಿಗಾದರೂ ಜೋರಿದ್ದರೆ ಎರಡು ಸಲ. ನಾವು ಮೂವರೂ ಚಿಕ್ಕಂದಿನಲ್ಲಿ ಕೇಳಿದ್ದು ಎರಡೆಂದೇ. ಮಕ್ಕಳು ನಾಲ್ವರೂ ಮೂರು ಎನ್ನುತ್ತಾರೆ. ಒಬ್ಬ ಎದ್ದುನಿಂತು ಕೈಯಲ್ಲಿ ಲಾಟೀನು ಹಿಡಿದಂತೆ ಬೀಸಿ ತೋರಿಸಿದ. ಬಹಳ ಹೊತ್ತು ವಾದವಾಯಿತು. ಕೊನೆಗೆ ಮೂರು ಎಂದೇ ಬರೆದುಕೊಂಡೆವು.