ಕಾವಿನ ಲೆಕ್ಕ

ಬನಶಂಕರಿ ಎರಡನೆಯ ಹಂತದಲ್ಲಿರುವ ನಮ್ಮ ಮನೆಯ ನಡುಕೋಣೆಯಲ್ಲಿ, ಹಿಂದೆ ನನ್ನ ಪುಸ್ತಕದ ಬೀರು ಇದ್ದ ಜಾಗದಲ್ಲಿ, ಈಗ ಒಂದು ಯಂತ್ರವು ಕುಳಿತಿರುವುದು. ಪಿಂಗಾಣಿಯ ಮಗ್ಗುಗಳ ಮೇಲೆ ಚಿತ್ರವನ್ನು ಅಚ್ಚೊತ್ತುವುದು ಅದರ ಕೆಲಸ. ಎರಡು ವರ್ಷಗಳ ಹಿಂದೆ ನನ್ನ ಮಗನ ಉದ್ಯೋಗವು ಹೋದಾಗ ಸೊಸೆಯು ಚೀಟಿ ಎತ್ತಿದ ಹಣದಿಂದ ಇದನ್ನು ತಂದಳು. ಹುಟ್ಟುಹಬ್ಬಕ್ಕೂ ಗೃಹಪ್ರವೇಶಕ್ಕೂ ಚಿತ್ರದ ಮಗ್ಗುಗಳನ್ನು ಹಂಚುವ ಪದ್ಧತಿಯು ಜಯನಗರ, ಜೆ. ಪಿ. ನಗರಗಳ ಕಡೆ ಬೆಳೆದಿರುವುದರಿಂದ ನಮ್ಮ ಮನೆಯ ಹಾಲು ತರಕಾರಿಗಳ ಖರ್ಚು ಇದರಿಂದಲೇ ನಡೆದಿದೆ. ಇಂಥ ಯಂತ್ರದ ವಿಷಯದಲ್ಲಿ ನನ್ನಿಂದಾದ ಒಂದು ಪ್ರಮಾದವನ್ನು ವಾಚಕರಲ್ಲಿ ನಿವೇದಿಸಿಕೊಳ್ಳುವೆನು.

ಮೊದಲು ಕೆಲಸದ ಕ್ರಮವನ್ನು ಹೇಳಬೇಕು. ಚಿತ್ರವನ್ನು ಒಂದು ಬಗೆಯ ವಿಶೇಷವಾದ ಶಾಯಿಯಿಂದ ಕಾಗದದ ಮೇಲೆ, ಎಡವು ಬಲವಾಗಿ ಬಲವು ಎಡವಾಗಿ ಕಾಣುವಂತೆ, ಮುದ್ರಿಸುವರು. ಆಗ ಅದು ಬಹಳ ಸಲ ಒಗೆದ ಸೀರೆಯಂತೆ ಮಂಕಾಗಿರುವುದು. ಆ ಕಾಗದವನ್ನು ಮಗ್ಗಿಗೆ ಸುತ್ತಿ, ಕಾವನ್ನು ತಾಳುವ ಅಂಟುಪಟ್ಟಿಯಿಂದ ಬಿಗಿದು, ಯಂತ್ರದೊಳಗಿಟ್ಟು ಅದುಮಿದರೆ ಬಣ್ಣವು ದ್ರವವಾಗದೆ ನೇರವಾಗಿ ಆವಿಯಾಗಿ ಮಗ್ಗಿನ ಮೈಯನ್ನು ಹೊಗುವುದು. ಬರಿಯ ಪಿಂಗಾಣಿಯು ಈ ಬಣ್ಣವನ್ನು ಹಿಡಿಯಲಾರದು. ಅದರ ಮೇಲೆ ಬಳಿದಿರುವ ಪಾಲಿಯೆಸ್ಟರಿನ ಲೇಪವು ಕಾವಿಗೆ ಸಡಿಲಗೊಂಡು ಆವಿಗೆ ಎಡೆಗೊಟ್ಟು, ತಣಿದಾಗ ಬಿಗಿದುಕೊಂಡು ಅದನ್ನು ಒಳಗೇ ಸೆರೆಹಿಡಿಯುವುದು. ಡಬ್ಬಿಯಲ್ಲಿಟ್ಟ ಕರ್ಪೂರವು ನೀರಾಗದೆಯೇ ಸವೆದುಹೋಗುವುದನ್ನು ಎಲ್ಲರೂ ಬಲ್ಲರಷ್ಟೆ. ಇದೂ ಅದೇ ಜಾತಿಯದು. ಶಾಲೆಯ ವಿಜ್ಞಾನ ಪಾಠದಲ್ಲಿ ಇದಕ್ಕೆ ಉತ್ಪತನವೆಂದು ಹೆಸರು. ನಮ್ಮ ರಸಶಾಸ್ತ್ರದವರು ಎರಡು ಮಡಕೆಗಳ ಬಾಯಿಗೆ ಬಾಯಿ ಸೇರಿಸಿ ಡಮರುಯಂತ್ರವನ್ನು ಮಾಡಿ, ಕೆಳಗೆ ಉರಿಹಾಕಿ, ಪಾದರಸವನ್ನು ಮೇಲಣ ಮಡಕೆಗೆ ಏರಿಸುತ್ತಿದ್ದರು, ಅದನ್ನು ಊರ್ಧ್ವಪಾತನವೆಂದರು. ಪಾದರಸವು ದ್ರವವಾದುದರಿಂದ ಅದೇ ಇದು ಎನ್ನಲಾಗದು, ದಾಯಾದಿ ಎನ್ನಬಹುದು. ಉಷ್ಣಮಾಪಕವಿಲ್ಲದ ಆ ಕಾಲದಲ್ಲಿ ಅವರು ಕಾವನ್ನು ಬೆರಣಿಗಳ ಎಣಿಕೆಯಿಂದ ಅಳೆದರು: ಕಪೋತಪುಟಕ್ಕೆ 8 ಬೆರಣಿ, ಗಜಪುಟಕ್ಕೆ ಸಾವಿರಕ್ಕೂ ಮೇಲೆ.

ಈ ಯಂತ್ರದಲ್ಲಿ ಬೆರಣಿಗೆ ಬದಲಾಗಿ ಎರಡು ಅಂಕಗಳಿರುವುವು: ಕಾವು ಎಷ್ಟು ಡಿಗ್ರಿ, ಹೊತ್ತು ಎಷ್ಟು ಸೆಕೆಂಡು. ಮೂರನೆಯದಾದ ಒತ್ತಡಕ್ಕೆ ಅಂಕವಿಲ್ಲ. ತಿರುಪಿನ ಬಿಗಿಯನ್ನು ಕೈಯೇ ತಿಳಿಯಬೇಕು. ಸಡಿಲವಾದರೆ ಚಿತ್ರದ ಅಂಚು ಮಾಸುವುದು, ಅತಿಯಾದರೆ ಮಗ್ಗೇ ಸೀಳುವುದುಂಟು. ಯಂತ್ರದೊಡನೆ ಬಂದ ಅಚ್ಚಿನ ಹಾಳೆಯಲ್ಲಿ 200 ಡಿಗ್ರಿ, 240 ಸೆಕೆಂಡು ಎಂದಿದ್ದಿತು. ಗೋಡೆಯ ಪಂಚಾಂಗದ ಅಂಚಿನಲ್ಲಿಯಾದರೋ ಸೊಸೆಯು ಪೆನ್ಸಿಲಿನಿಂದ “185 – 180. ಐದಾದ ಮೇಲೆ 170” ಎಂದು ಗೀಚಿದ್ದಳು.

ನಾನು ಕೆಲಸಮಾಡಿದ ಶಾಲೆಯ ಹಳೆಯ ವಿದ್ಯಾರ್ಥಿಗಳು ತಮ್ಮ 1994ರ ತರಗತಿಯ ಚಿತ್ರವನ್ನು 48 ಮಗ್ಗುಗಳ ಮೇಲೆ ಕೇಳಿದ್ದರು. ಆ ಕೆಲಸವನ್ನು ಕೊಡಿಸಿದವನು ನಾನೇ; ಆ ವಿಷಯದಲ್ಲಿ ಸ್ವಲ್ಪ ಗರ್ವವೂ ಇದ್ದಿತು. ಮರುದಿನ ಒಪ್ಪಿಸಬೇಕು. ಸೊಸೆಯು ಕಾಗದ ಸುತ್ತಿದ 14 ಮಗ್ಗುಗಳನ್ನು ಮೇಜಿನ ಮೇಲಿಟ್ಟು, “ಬಂದು ಮಾಡ್ತೀನಿ ಮಾವ, ನೀವು ಆಯಾಸ ಮಾಡಿಕೋಬೇಡಿ” ಎಂದು ಹೇಳಿ ಮಗುವನ್ನು ಕರೆತರಲು ಹೋದಳು. ನನಗೆ ಸುಮ್ಮನಿರಲಾಗಲಿಲ್ಲ. ಅಚ್ಚಾದ ಅಕ್ಷರದ ಮೇಲೆ ನನಗೆ ಬಾಲ್ಯದಿಂದಲೂ ಪಕ್ಷಪಾತ. ಪೆನ್ಸಿಲಿನ ಬರಹವು ಅವಸರದ ತಪ್ಪೆಂದು ಬಗೆದು, ಯಂತ್ರವನ್ನು 200ಕ್ಕೂ 240ಕ್ಕೂ ತಿರುಗಿಸಿ, ಒಂದಾದ ಮೇಲೊಂದರಂತೆ ಹದಿನಾಲ್ಕನ್ನೂ ಮುಗಿಸಿದೆನು. ಬಿಸಿಯಾದ ಕಾಗದವನ್ನು ಬಿಡಿಸಲು ಬೆರಳು ಅಂಜಿತು. ಆರಲೆಂದು ಎಲ್ಲವನ್ನೂ ಸಾಲಾಗಿ ಇಟ್ಟೆನು. ಕಾಗದವಿರುವಷ್ಟು ಹೊತ್ತೂ ಆವಿಯು ತನ್ನ ಕೆಲಸವನ್ನು ನಿಲ್ಲಿಸದೆಂಬುದು ಆಗ ನನಗೆ ಹೊಳೆಯಲಿಲ್ಲ. ಬಿಡಿಸಿ ನೋಡಿದರೆ ಬಿಳುಪೆಲ್ಲ ಕಂದು, ಕಪ್ಪೆಲ್ಲ ಕಲಸಿದಂತೆ. ನಲವತ್ತು ಹುಡುಗರ ಮುಖಗಳು ಹರಡಿಹೋಗಿದ್ದುವು. ನಡುವೆ ಕುರ್ಚಿಯ ಮೇಲೆ ಕುಳಿತಿದ್ದ ನನ್ನ ಮುಖವೂ.

ಸೊಸೆಯು ಬಂದು ಒಂದೊಂದನ್ನೇ ಎತ್ತಿ ನೋಡಿದಳು. ಬಹಳ ಹೊತ್ತು ಮಾತಾಡಲಿಲ್ಲ. ಬೈದಿದ್ದರೆ ಒಳ್ಳೆಯದಾಗುತ್ತಿತ್ತು. ಕೊನೆಗೆ, “ಆ ಹಾಳೆ ಎಲ್ಲ ಯಂತ್ರಕ್ಕೂ ಬರೆದದ್ದು ಮಾವ. ನಮ್ಮದು ತೋರಿಸೋದಕ್ಕಿಂತ ಹೆಚ್ಚು ಕಾಯುತ್ತೆ. ಇಪ್ಪತ್ತು ಮಗ್ಗು ಹಾಳುಮಾಡಿಕೊಂಡು ಕಂಡುಕೊಂಡ ಲೆಕ್ಕ ಅದು” ಎಂದಳು.

ಸಾಮಾನ್ಯ ವಿಧಿಯು ಉತ್ಸರ್ಗ, ವಿಶೇಷ ವಿಧಿಯು ಅಪವಾದ, ಎರಡೂ ಎದುರಾದಲ್ಲಿ ಅಪವಾದವೇ ಬಲವುಳ್ಳದ್ದು ಎಂಬುದನ್ನು ಪಾಠಶಾಲೆಯಲ್ಲಿ ಕಲಿತು, ಮೂವತ್ತು ವರ್ಷ ಹುಡುಗರಿಗೆ ಉರುಹೊಡೆಸಿದವನು ನಾನು. ನನ್ನ ಮನೆಯ ಗೋಡೆಯ ಮೇಲೆಯೇ ಅಪವಾದವು ಬರೆದಿದ್ದಾಗ ಅದನ್ನು ಪ್ರಮಾದವೆಂದು ಓದಿದೆನು.

ಪಿಂಚಣಿಯ ಹಣವನ್ನು ತೆಗೆದುಕೊಂಡು ಆಗಲೇ ಬಸ್ಸು ಹತ್ತಿ ಪೇಟೆಗೆ ಹೋಗಿ ಲೇಪವುಳ್ಳ 14 ಮಗ್ಗುಗಳನ್ನು ತಂದೆನು. ರಾತ್ರಿ ಹನ್ನೊಂದರವರೆಗೆ ಅವಳು ಅಚ್ಚೊತ್ತಿದಳು. ಕಾಗದ ಸುತ್ತುವಷ್ಟನ್ನು ಮಾತ್ರ ನನಗೆ ಬಿಟ್ಟಳು. “ನಿಮ್ಮ ಅಕ್ಷರ ದುಂಡಾಗಿದೆ, ನನ್ನ ಲೆಕ್ಕಾನೆಲ್ಲ ಒಂದು ಪುಸ್ತಕದಲ್ಲಿ ಬರೆದುಕೊಡಿ ಮಾವ” ಎಂದಳು. ಅಂದಿನಿಂದ ಅದೇ ನನ್ನ ಉದ್ಯೋಗ: ಮಳೆಗಾಲದಲ್ಲಿ ಕಾಗದವು ತೇವವನ್ನು ಹೀರುವುದರಿಂದ ಮೊದಲು ಒಣಗಿಸಬೇಕು, ಹಿಡಿಯ ಪಕ್ಕಕ್ಕೆ ಕಾವು ತಾಕದಾದುದರಿಂದ ಚಿತ್ರವನ್ನು ಅಲ್ಲಿಯವರೆಗೆ ಎಳೆಯಬಾರದು, ಮಗ್ಗು ಹೊರಬಂದ ಒಡನೆ ಕಾಗದವನ್ನು ಕದಲಿಸದೆ ಒಂದೇ ಸಲಕ್ಕೆ ಬಿಡಿಸಬೇಕು, ಇತ್ಯಾದಿ.

ಕೆಟ್ಟ ಮಗ್ಗುಗಳಲ್ಲಿ ಒಂದು ನನ್ನ ಮೇಜಿನ ಮೇಲೆ ಲೇಖನಿಗಳನ್ನು ಹೊತ್ತಿರುವುದು. ನಿನ್ನೆ ಬೇರೆ ಅಂಗಡಿಯಿಂದ ಹೊಸ ಮಗ್ಗುಗಳು ಬಂದುವು. ಅವುಗಳ ಲೇಪಕ್ಕೆ 185 ಸಾಲದೆಂದು ಸೊಸೆಯು ಹೇಳಿದುದರಿಂದ, ಪುಸ್ತಕದಲ್ಲಿ ಹೊಸದೊಂದು ಪುಟವನ್ನು ತೆರೆದು ದಿನಾಂಕವನ್ನು ಹಾಕಿಟ್ಟಿದ್ದೇನೆ.